ಎರಡನೆಯ ಗುಂಡಿ

ಅಣ್ಣಾ,

ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಿರಿ. ನೀವು ಕುಡಿದು ಕೆಲಸಕ್ಕೆ ಬರುತ್ತಿರುವುದನ್ನು ಇವತ್ತು ಬೆಳಿಗ್ಗೆ ಮ್ಯಾನೇಜರಿಗೆ ಹೇಳಿದವನು ನಾನೇ.

ಕಾಗದ ಕತ್ತರಿಸುವ ಯಂತ್ರಕ್ಕೆ ಎರಡು ಗುಂಡಿ ಏಕೆಂದು ನನಗೆ ಕಲಿಸಿದವರು ನೀವು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ; ಎರಡೂ ಕೈ ಗುಂಡಿಯ ಮೇಲಿದ್ದರೆ ಬ್ಲೇಡಿನ ಕೆಳಗೆ ಬೆರಳಿರುವುದಿಲ್ಲ. ನಿಮ್ಮ ಎಡಗೈ ನಡುಗತೊಡಗಿದಾಗ, ಸದಾ ಸಂಘದ ಕರಪತ್ರ ಹಿಡಿದಿರುತ್ತಿದ್ದ ನನಗೆ, "ಒತ್ತೋ ಕರಪತ್ರ, ನಿನ್ನ ಕ್ರಾಂತಿ ಒಂದು ಗುಂಡಿಯಿಂದಾದ್ರೂ ಶುರುವಾಗಲಿ" ಎಂದಿರಿ. ಮೂರು ತಿಂಗಳು ನಿಮ್ಮ ಎಡಗೈಯ ಗುಂಡಿಯನ್ನು ನಾನು ಒತ್ತಿದೆ. ಕಾರ್ಮಿಕ ಕಾರ್ಮಿಕನನ್ನು ಬಿಟ್ಟುಕೊಡಬಾರದೆಂದು ಆ ಕರಪತ್ರಗಳಲ್ಲೇ ಓದಿದವನು ನಾನು. ಇದನ್ನೇ ಒಗ್ಗಟ್ಟು ಎಂದುಕೊಂಡೆ.

ನಿನ್ನೆ ನಿಮ್ಮ ಖಾಲಿ ಎಡಗೈ ಕಾಗದ ಸರಿಮಾಡಲು ಬ್ಲೇಡಿನ ಕೆಳಗೆ ಹೋಯಿತು. ಬಲಗೈ ಗುಂಡಿಯ ಮೇಲೇ ಇತ್ತು. ನಾನು ಹೇಗೋ ನನ್ನ ಗುಂಡಿಯಿಂದ ಬೆರಳೆತ್ತಿದೆ, ಬ್ಲೇಡು ಇಳಿಯಲಿಲ್ಲ. ನೀವು ನಕ್ಕಿರಿ.

ಎರಡನೆಯ ಗುಂಡಿ ಒತ್ತುತ್ತಿದ್ದವನು ನಾನು ಎಂಬುದನ್ನೂ ಹೇಳಿದ್ದೇನೆ. ಇಬ್ಬರನ್ನೂ ಯಂತ್ರದಿಂದ ತೆಗೆದಿದ್ದಾರೆ. ಚಿಕಿತ್ಸೆಗೆ ಒಪ್ಪಿದರೆ ನಿಮ್ಮ ಕೆಲಸ ಉಳಿಯುತ್ತದೆ. ಅಷ್ಟನ್ನು ಜಗಳವಾಡಿ ಬರೆಸಿಕೊಂಡಿದ್ದೇನೆ. ಸೋಮವಾರ ಹತ್ತಕ್ಕೆ ಆಸ್ಪತ್ರೆಗೆ ಹೋಗಬೇಕು. ಒಂಬತ್ತಕ್ಕೇ ನಿಮ್ಮ ಬಾಗಿಲಲ್ಲಿರುತ್ತೇನೆ. ಅತ್ತಿಗೆಗೆ ನೀವೇ ಹೇಳಿ. ದಾರಿಯುದ್ದಕ್ಕೂ ದ್ರೋಹಿ ಎಂದು ಬೈಯಿರಿ, ಆದರೆ ಬನ್ನಿ.

ನೀವೇ ಹೆಸರಿಟ್ಟ
ಕರಪತ್ರ