ದಾಕ್ಷಾಯಿಣಮ್ಮನ ಸೊಂಟ ನೋವು

ಗುರುವಾರ, ಜೂನ್ 12

ಬೆಳಿಗ್ಗೆಯಿಂದ ಕುಳಿತಿಲ್ಲ. ಗುರುವಾರವನ್ನು ಸೊಂಟ ನೋವಿನವರಿಗೆಂದೇ ಇಟ್ಟ ಮೇಲೆ ಹೊಳಲ್ಕೆರೆಯ ನಮ್ಮ ಆಸ್ಪತ್ರೆಯಲ್ಲಿ ಇದೇ ಗಲಾಟೆ. ಇರಲಿ. ಮೂಳೆ ಡಾಕ್ಟರ್ ರಾಜಶೇಖರ್, ಫಿಸಿಯೋ ನಾನು, ಆಶಾ ಕಾರ್ಯಕರ್ತೆ ಸುಚಿತ್ರಾ — ಮೂವರೂ ಒಂದೇ ಕೋಣೆಯಲ್ಲಿ. ನೋವಿಟ್ಟುಕೊಂಡು ಬಂದವರು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಿಲ್ಲ.

ತಾಳ್ಯದಿಂದ ದಾಕ್ಷಾಯಿಣಮ್ಮ ಬಂದಿದ್ದರು. ವರ್ಷಗಟ್ಟಲೆ ಅಲ್ಲಿ ಇಲ್ಲಿ ತೋರಿಸಿ ಸಾಕಾಗಿದ್ದಾರೆ. ಕವರಿನ ತುಂಬ ಎಕ್ಸ್‌ರೇ. ಗಾಬರಿಯಾಗುವಂಥದ್ದೇನೂ ಇಲ್ಲ ಎಂದರು ಡಾಕ್ಟರ್. ಭಾರ ಎತ್ತಬೇಡಿ ಅಂತ ನಾನು ಶುರು ಮಾಡಿದೆ.

"ಎಲ್ರೂ ಅದನ್ನೇ ಹೇಳ್ತೀರಿ ಮೇಡಂ. ನಾನು ಎತ್ತೋದು ಮೂಟೆ ಅಲ್ಲ, ನಮ್ಮ ಯಜಮಾನ್ರನ್ನ. ಅವ್ರನ್ನ ಎತ್ತಬ್ಯಾಡ ಅಂದ್ರೆ ಹೆಂಗ್ರಿ?"

ಗಂಡ ಮುರುಗಪ್ಪ. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಇಷ್ಟು ದಿನ ಯಾರೂ ಕೇಳಿರಲೇ ಇಲ್ಲ.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ನಿಮಗೆ ಏನು ಮಾಡೋಕೆ ಆದ್ರೆ ಸಾಕು, ಹೇಳಿ."

"ಮೈ ಹುಣ್ಣಾಗದಂಗೆ ಅವ್ರನ್ನ ಮಗ್ಗುಲು ಹೊರಳಿಸೋಕೆ ಆದ್ರೆ ಸಾಕ್ರಿ."

ಶನಿವಾರ, ಜೂನ್ 21

ಸುಚಿತ್ರಾ ಜೊತೆ ತಾಳ್ಯಕ್ಕೆ ಹೋಗಿದ್ದೆ. ಮಂಚ ತೀರಾ ತಗ್ಗು. ಅದರ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟೆವು. ಹಳೇ ಸೀರೆ ಮಡಚಿ ಮುರುಗಪ್ಪನವರ ಮೈ ಕೆಳಗೆ ಹಾಸಿ, ಮಂಡಿ ಬಗ್ಗಿಸಿ ನಿಂತು, ಸೀರೆ ಎಳೆದು ಹೊರಳಿಸುವುದನ್ನು ತೋರಿಸಿದೆ. ಮೊದಮೊದಲು ಆಕೆಗೆ ಆಗಲಿಲ್ಲ. ಆಮೇಲೆ ಮುರುಗಪ್ಪ ಸಲೀಸಾಗಿ ಹೊರಳಿದರು. ನಕ್ಕರು... ನಗು ಬಾಯಿಯ ಒಂದೇ ಕಡೆ ಬರುತ್ತದೆ.

"ಸೀರೆ ಗುರ್ತು ಸಿಕ್ಕೈತೆ ನೋಡ್ರಿ. ಅವ್ರೇ ತಂದಿದ್ದು."

ಗುರುವಾರ, ಜುಲೈ 17

ದಾಕ್ಷಾಯಿಣಮ್ಮ ನೆಟ್ಟಗೆ ನಡೆದು ಬಂದರು. ಡಾಕ್ಟರ್ ಮಾತ್ರೆ ಕಡಿಮೆ ಮಾಡಿದರು. ಪಕ್ಕದ ಮನೆ ಓಬಕ್ಕ ಮಧ್ಯಾಹ್ನ ಬಂದು ಮುರುಗಪ್ಪನವರ ಹತ್ತಿರ ಕೂರುವಂತೆ ಸುಚಿತ್ರಾ ಒಪ್ಪಿಸಿದ್ದಾಳೆ. "ಆವಾಗ ಒಂದೀಟು ಮಲಗ್ತೀನ್ರಿ" — ಹೇಳುವಾಗ ಏನೋ ತಪ್ಪು ಮಾಡಿದವರ ಹಾಗೆ ನಾಚಿದರು.

ಮಂಗಳವಾರ, ಆಗಸ್ಟ್ 19

ಸುಚಿತ್ರಾ ಫೋನ್ ಮಾಡಿದ್ದಳು. ಮುರುಗಪ್ಪ ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿತ್ತಂತೆ. ಆಂಬುಲೆನ್ಸ್ ಬರುವಷ್ಟರಲ್ಲೇ...

ಬೆನ್ನ ಮೇಲೆ ಒಂದು ಹುಣ್ಣೂ ಇರಲಿಲ್ಲವಂತೆ. ಸ್ನಾನ ಮಾಡಿಸಿದವರು ಹೇಳಿದ್ದು.

ಗುರುವಾರ, ಸೆಪ್ಟೆಂಬರ್ 11

ದಾಕ್ಷಾಯಿಣಮ್ಮ ಬಂದಿದ್ದರು. ಬರುತ್ತಾರೆ ಅಂದುಕೊಂಡಿರಲಿಲ್ಲ. ಬಗ್ಗಿಸಿ ನೋಡಿದೆ, ಎಬ್ಬಿಸಿ ಕೂರಿಸಿದೆ. ಎಲ್ಲ ಸರಾಗ.

"ನೋವು ಹೇಗಿದೆ?"

"ಇಲ್ರಿ. ಈಗ ಏನೂ ಇಲ್ಲ." ಸೆರಗು ಸರಿ ಮಾಡಿಕೊಂಡರು. "ಇನ್ನೊಂದಷ್ಟು ದಿನ ನೋಯಬೇಕಿತ್ತು ಮೇಡಂ."

ಡಾಕ್ಟರ್ ಮುಂದಿನವರನ್ನು ಕರೆಯಲಿಲ್ಲ. ಸುಚಿತ್ರಾ ಹೋಗಿ ಆಕೆಯ ಪಕ್ಕ ಕುಳಿತಳು. ಮುಂದಿನ ಗುರುವಾರವೂ ಬನ್ನಿ ಎಂದೆ.

"ನೋವೇ ಇಲ್ಲ. ಏನಂತ ಬರ್ಲಿ?"

ನಾನು ಮುಂದಿನ ಗುರುವಾರದ ಪಟ್ಟಿಯಲ್ಲಿ ಅವರ ಹೆಸರು ಬರೆದು, ಕಾಯಿಲೆಯ ಜಾಗ ಖಾಲಿ ಬಿಟ್ಟೆ.