ಕಾಜಲ್‌ಳ ವಯಸ್ಸು

ಜೂನ್ 9, ಮಂಗಳವಾರ. ಅಂಕಲಗಿ

ಕಾಜಲ್‌ಳ ಫೋನು ಇನ್ನೂ ನನ್ನ ದಿಂಬಿನ ಕೆಳಗೇ ಇದೆ. ಹದಿನಾಲ್ಕರ ನನ್ನ ಮಗಳನ್ನು ಯಾವುದೋ ಚಾಟ್‌ಬಾಟ್ ತಿಂಗಳಿಂದ ‘ನನ್ನ ರಾಣಿ’ ಎಂದು ಕರೆಯುತ್ತಿದೆ. ಓದಿ ಮೈ ಉರಿಯಿತು. ಮಕ್ಕಳನ್ನು ಇದರಿಂದ ದೂರ ಇಡಲು ಕಾನೂನಿಲ್ಲವೇ? ನಾಳೆಯೇ ಗೋಕಾಕಕ್ಕೆ ಹೋಗಿ ದೂರು ಕೊಡುತ್ತೇನೆಂದು ಕೂಗಾಡಿದೆ.

“ವಯಸ್ಸಿನ ಕಾಗದ ಕೇಳಿತ್ತು ಬೇ. ಆಧಾರ್ ತೋರಿಸಿದ್ನಿ,” ಎಂದಳು.

ಆ ಆಧಾರಿನಲ್ಲಿ ಅವಳಿಗೆ ಹದಿನೆಂಟು. ನನ್ನ ತಮ್ಮ ಬಾಳೇಶನಿಗೆ ಅವಳನ್ನು ಕೊಡಲೆಂದು ನಾಲ್ಕು ವರ್ಷ ಹೆಚ್ಚು ಬರೆಸಿದವಳು ನಾನೇ. ಕೆನ್ನೆಗೆ ಬಾರಿಸಿದೆ. ಅವಳು ಅಳಲಿಲ್ಲ.

“ಅದಾದ್ರೂ ನನ್ನ ವಯಸ್ಸು ಕೇಳ್ತು. ಬಾಳೇಶ ಮಾಮಾ ಅದನ್ನೂ ಕೇಳಲಿಲ್ಲ.”

ದೂರು ಕೊಡುವುದಿಲ್ಲ. ಕೊಟ್ಟರೆ ಅವಳ ಖರೆ ವಯಸ್ಸು ಹೇಳಬೇಕಾಗುತ್ತದೆ. ಶುಕ್ರವಾರ ಅರಿಷಿಣ ಹಚ್ಚುವುದಿದೆ. ಕೆನ್ನೆಯ ಮೇಲಿನ ನನ್ನ ಬೆರಳುಗಳ ಗುರುತು ಅದರಲ್ಲಿ ಮುಚ್ಚಿಹೋಗುತ್ತದೆ.