ಬಯಲುಬಂಡಿಯ ಹಿಂದಿನ ಸೀಟು

ಕಪ್ಪತಗುಡ್ಡದ ಕೆಳಗಿನ ಗಾಳಿಹಟ್ಟಿ,
ಮೂಡಗಾಳಿ ತಿಂಗಳ ನಲವತ್ತೊಂದನೆಯ ದಿನ, ೨೨೧೪

ಪೂಜ್ಯ ಶಶಿಕಲಾ ಅಜ್ಜಿಯವರಿಗೆ ದಾಕ್ಷಾಯಣಿ ಮಾಡುವ ಶರಣಾರ್ಥಿಗಳು.

ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸಬಹುದು. ನಮ್ಮಲ್ಲಿ ಗಾಳಿ ದಿಕ್ಕು ಬದಲಿಸುವವರೆಗೆ ತಿಂಗಳು ಮುಗಿಯುವುದಿಲ್ಲ. ಈ ಸಲ ಮೂಡಗಾಳಿ ಹಟ ಹಿಡಿದು ಕೂತಿದೆ. ನನ್ನ ಬರವಣಿಗೆಯಲ್ಲಿ ಅಲ್ಲಲ್ಲಿ ನಿಮಗೆ ಗೊತ್ತಿಲ್ಲದ ಮಾತು ಬಂದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ನೂರಾ ತೊಂಬತ್ತು ವರ್ಷ ಬಾಯಿಂದ ಬಾಯಿಗೆ ಓಡಾಡಿದ ಭಾಷೆ ಒಂದಷ್ಟು ಸವೆದಿದೆ, ಒಂದಷ್ಟು ಬೆಳೆದಿದೆ. ಇನ್ನೊಂದು ಮುಜುಗರವೂ ಉಂಟು. ಈ ಕಾಗದ ತಲುಪುವಾಗ ನಿಮಗೆ ಮೂವತ್ತಾರು ವರ್ಷ, ಬರೆಯುತ್ತಿರುವ ನನಗೆ ಅರವತ್ತೆಂಟು. ನೀವೋ ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಕಾಲಿಗೆ ಬೀಳಬೇಕೋ, ತಲೆಯ ಮೇಲೆ ಕೈಯಿಟ್ಟು ಹರಸಬೇಕೋ ತಿಳಿಯದೆ ಎರಡನ್ನೂ ಮಾಡಿದ್ದೇನೆ.

ಇದು ಹಿಮ್ಮುಖ ಟಪಾಲಿನಲ್ಲಿ ಬರುತ್ತಿದೆ. ಹಿಂದಿನ ಕಾಲದವರಿಗೆ ಜೀವಮಾನದಲ್ಲಿ ಒಂದೇ ಒಂದು ಕಾಗದ ಬರೆಯಲು ನಮಗೆ ಅವಕಾಶವಿದೆ. ಯುದ್ಧ, ಪಿಡುಗು, ಮಳೆ, ಸಾವು ಇವುಗಳ ಸುದ್ದಿ ಇದ್ದರೆ ಟಪಾಲಿನವರು ಆ ಸಾಲನ್ನೇ ಹೊಡೆದು ಹಾಕುತ್ತಾರೆ. ಹಾಗಾಗಿ ಹೆಚ್ಚಿನವರು ಸಣ್ಣಪುಟ್ಟ ವಿಚಾರಗಳನ್ನೇ ಬರೆಯುವುದು. ನಮ್ಮ ಪಕ್ಕದ ಮನೆಯ ಮೌಲಾಬಿ ತನ್ನ ಮುತ್ತಜ್ಜಿಗೆ ಬರೆದು, ಮನೆಯಲ್ಲಿ ಯಾರಿಗೂ ನೆನಪುಳಿಯದ ಒಂದು ಉಪ್ಪಿನಕಾಯಿ ಮಾಡುವ ಬಗೆ ಕೇಳಿದಳು. ಉತ್ತರ ಬರುವ ದಾರಿ ಇಲ್ಲವೆಂದು ಅವಳಿಗೂ ಗೊತ್ತಿತ್ತು. ಕೇಳಿದ್ದೇ ಸಮಾಧಾನ ಎನ್ನುತ್ತಾಳೆ.

ನಾನು ಬರೆಯುತ್ತಿರುವುದು ಗಾಡಿಯ ವಿಚಾರಕ್ಕೆ. ನಿಮ್ಮ ದಿನಚರಿಯ ಹನ್ನೆರಡು ಹಾಳೆಗಳು ನಮ್ಮ ಮನೆಯಲ್ಲಿ ಉಳಿದುಕೊಂಡಿವೆ. ಮುಂದೆ ಎರಡು ಗಾಲಿ, ಹಿಂದೆ ಒಂದು, ಮೇಲೆ ಚಾವಣಿಯಿಲ್ಲ, ಪಕ್ಕಕ್ಕೆ ಬಾಗಿಲಿಲ್ಲ. ಅಂಥ ಕೆಂಪು ಗಾಡಿಯಲ್ಲಿ ನೀವು ಭಾನುವಾರಗಳಂದು ಹುಲಕೋಟಿ ರಸ್ತೆಯಲ್ಲಿ ಓಡಾಡಿದ್ದು, ಟಾಪ್ ಹಾರಿಹೋದ ಆಟೋ ಎಂದು ಜನ ನಕ್ಕಿದ್ದು, ನೀವು ಅವರತ್ತ ಕೈಬೀಸಿದ್ದು, ಎಲ್ಲ ಅದರಲ್ಲಿದೆ. ಕೊನೆಯ ಎರಡು ಹಾಳೆಗಳಲ್ಲಿ ಮಾತ್ರ ನಿಮ್ಮ ಅಕ್ಷರ ನಿಂತಲ್ಲಿ ನಿಂತಿಲ್ಲ. ಹೊಸ ಮಾದರಿ ಬಂದಿದೆ, ಬದಲಿಸಲೋ ಬೇಡವೋ ಎಂದು ಬರೆದು, ಹೊಡೆದು, ಮತ್ತೆ ಬರೆದಿದ್ದೀರಿ. ಹೊಸದರ ಎಂಜಿನ್ ಮೆತ್ತಗೆ, ಸೀಟು ಅಗಲ, ಹಳೆಯದರ ನಡುಕ ಅದಕ್ಕಿಲ್ಲ. ಆದರೆ ಆ ನಡುಕದಲ್ಲೇ ನನ್ನ ಗಾಡಿ ನನ್ನ ಜೊತೆ ಮಾತಾಡುತ್ತದೆ ಎಂದೂ ಬರೆದಿದ್ದೀರಿ. ಮುಂದಿನ ಹಾಳೆ ಗೆದ್ದಲ ಪಾಲಾಯಿತು.

ನಿಮ್ಮ ಆ ಗಾಡಿಯ ಸಂತಾನ ನಮ್ಮಲ್ಲಿ ಇನ್ನೂ ಇದೆ. ನಾವದನ್ನು ಬಯಲುಬಂಡಿ ಎನ್ನುತ್ತೇವೆ. ಪೇಟೆಯ ಜನ ಮುಚ್ಚಿದ ಗುಳಿಗೆಯಂಥ ವಾಹನಗಳಲ್ಲಿ ನಿದ್ದೆ ಮಾಡುತ್ತ ಹೋಗಿ ಎದ್ದು ಇಳಿಯುತ್ತಾರೆ. ಗಾಳಿಹಟ್ಟಿಯಲ್ಲಿ ಹಾಗೆ ಹೋಗುವವರಿಲ್ಲ, ಏಕೆಂದರೆ ನಮ್ಮ ಊರಿನ ಕಸುಬೇ ಗಾಳಿಯದು. ಇಲ್ಲಿಯವರು ಮೋಡ ಕಾಯುತ್ತಾರೆ. ಗುಡ್ಡದ ನೆತ್ತಿಯಿಂದ ಮೈಲುದ್ದದ ದಾರಕ್ಕೆ ಕಟ್ಟಿದ ಗಾಳಿಪಟಗಳನ್ನು ಬಿಟ್ಟು, ಹೋಗುವ ಮೋಡವನ್ನು ಎರೆಹೊಲದ ಮೇಲೆ ಒಂದು ತಾಸು ನಿಲ್ಲಿಸಿಕೊಳ್ಳುವುದು, ಆಮೇಲೆ ಬಿಟ್ಟುಕೊಡುವುದು. ಬೆಳಿಗ್ಗೆ ಎದ್ದರೆ ಆಕಾಶದ ತುಂಬ ಹಳದಿ, ನೀಲಿ ಪಟಗಳು ನಿಧಾನವಾಗಿ ಈಜುತ್ತಿರುತ್ತವೆ. ಅವುಗಳ ನೆರಳು ನಮ್ಮ ಅಂಗಳ ದಾಟಿ, ರೊಟ್ಟಿ ಬಡಿಯುವವರ ಬೆನ್ನ ಮೇಲೆ ಹಾದು, ಕುಸುಬಿ ಹೊಲದಲ್ಲಿ ಇಳಿಯುತ್ತದೆ. ರಸ್ತೆಗಳಿಗೂ ಈಗ ಡಾಂಬರಿಲ್ಲ. ಹಾವಸೆಯ ಹಾಗೆ ತಾನೇ ಬೆಳೆಯುವ ಮೆತ್ತನೆಯ ಹಸಿರು ಹಾಸು, ಗಾಲಿ ಉರುಳಿದಲ್ಲಿ ಒಂದು ಕ್ಷಣ ತಗ್ಗಿ ಮತ್ತೆ ಏಳುತ್ತದೆ. ರೊಟ್ಟಿ ಮಾತ್ರ ನಿಮ್ಮ ಕಾಲದ್ದೇ, ಜೋಳದ್ದು.

ನನ್ನ ಯಜಮಾನರ ಹೆಸರು ಫಕೀರೇಶ. ಗಂಡನ ಹೆಸರು ಹೇಳಲು ಈಗ ಯಾರೂ ನಾಚುವುದಿಲ್ಲ, ಆದರೂ ನನಗೆ 'ಇವರು' ಎನ್ನುವುದೇ ರೂಢಿ. ನಲವತ್ತು ವರ್ಷ ಮೋಡ ಕಾದವರು. ಮೋಡದ ಅಂಚಿನ ಬೆಳ್ಳಿಯನ್ನು ಅಷ್ಟು ವರ್ಷ ದಿಟ್ಟಿಸಿ ನೋಡಿದವರ ಕಣ್ಣು ಕೊನೆಗೆ ಸೋಲುತ್ತದೆ, ಇವರದೂ ಸೋತಿತು. ಹೊಸ ಕಣ್ಣು ಕೂರಿಸಿದರು, ದೇಹ ಒಪ್ಪಲಿಲ್ಲ. ಅದಾಗಿ ಹನ್ನೊಂದು ವರ್ಷ. ಆ ವರ್ಷವೇ ನಾನು ಓಡಿಸಲು ಕಲಿತೆ, ಇವರು ಹಿಂದಿನ ಸೀಟಿಗೆ ಹೋದರು. ನಿಮ್ಮ ಗಾಡಿಯಂತೆ ಬಯಲುಬಂಡಿಯಲ್ಲೂ ಇಬ್ಬರು ಒಬ್ಬರ ಹಿಂದೆ ಒಬ್ಬರು ಕೂರುವುದು. ದಿನಾ ಸಂಜೆ ಹೊರಟರೆ ಇವರು ಮುಖವೆತ್ತಿ ಗಾಳಿಗೆ ಒಡ್ಡಿ ಕೂರುತ್ತಿದ್ದರು. ಈಗ ಅಜವಾನದ ಹೊಲ ಬಂತು, ಈಗ ಯಾರದೋ ಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಾರೆ, ಈಗ ಕೆರೆ ಎಡಕ್ಕಿದೆ ಎಂದು ಹಿಂದಿನಿಂದ ಕೂಗಿ ಹೇಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ. ಗಾಳಿಯೇ ಇವರ ಕಣ್ಣು ಎಂದು ನಾನು ನಂಬಿದ್ದೆ, ಆ ಕಣ್ಣನ್ನು ದಿನಾ ನಾನೇ ತೆರೆಸುತ್ತಿದ್ದೇನೆ ಎಂಬ ಹೆಮ್ಮೆಯೂ ಇತ್ತು. ಸುಳ್ಳೇಕೆ ಹೇಳಲಿ, ಜಂಬವೇ ಇತ್ತು.

ಹೋದ ಚಳಿಗಾಲದಲ್ಲಿ ನನ್ನ ಎಡಗೈ ಕೈಕೊಟ್ಟಿತು. ಸ್ಟೇರಿಂಗ್ ಹಿಡಿದಿದ್ದಾಗಲೇ ಮಣಿಕಟ್ಟಿನಿಂದ ಕೆಳಗೆ ಜೋಮು ಹಿಡಿದು, ನನ್ನ ಬೆರಳುಗಳು ಬೇರೆ ಯಾರದೋ ಎನ್ನಿಸಿತು. ಮಾಗಡಿ ಕೆರೆಯ ತಿರುವಿನಲ್ಲಿ ಬಂಡಿ ರಸ್ತೆ ಬಿಟ್ಟು ಹಸಿ ಎರೆಮಣ್ಣಿಗೆ ಇಳಿದು ನಿಂತಿತು. ಇನ್ನು ನಾಲ್ಕು ಮಾರು ಹೋಗಿದ್ದರೆ ನೀರು. ಆದರೂ ನಾನು ಹಿಂದೆ ತಿರುಗಿ, ಹೊಲದಲ್ಲಿ ಹೆಬ್ಬಾತುಗಳು ಇಳಿದಿವೆ, ನೋಡೋಣವೆಂದು ನಿಲ್ಲಿಸಿದೆ ಎಂದುಬಿಟ್ಟೆ. ಇವರು ಸುಮ್ಮನೆ ತಲೆಯಾಡಿಸಿದರು. ಬಲಗೈ ಒಂದರಲ್ಲೇ ಬಂಡಿಯನ್ನು ಹಿಂದಕ್ಕೆ ತಂದೆ. ವೈದ್ಯರು ನರ ಸೋತಿದೆ, ಕ್ರಮೇಣ ಹೆಚ್ಚಾಗುತ್ತದೆ ಎಂದರು. ನಾನು ಮನೆಗೆ ಬಂದು ಏನೂ ಇಲ್ಲವಂತೆ ಎಂದೆ.

ಹೊಸ ಬಯಲುಬಂಡಿ ಬಂದದ್ದು ಅದೇ ಹೊತ್ತಿಗೆ. ಅದೂ ಮೂರೇ ಗಾಲಿಯದು, ಚಾವಣಿಯಿಲ್ಲದ್ದು, ನೋಡಲು ಕಣ್ಣು ಕುಕ್ಕುವಂಥದ್ದು. ತನ್ನ ದಾರಿ ತಾನೇ ನೋಡಿಕೊಳ್ಳುತ್ತದೆ, ಓಡಿಸುವವರ ಕೈಯೇ ಬೇಡ. ಆದರೆ ಅದರ ಸುತ್ತ ಗಾಳಿತೆರೆ ಇದೆ. ಕಾಣದ ಪರದೆಯೊಂದು ಎದುರುಗಾಳಿಯನ್ನು ತಡೆದು ಪಕ್ಕಕ್ಕೆ ಸರಿಸುತ್ತದೆ. ಆಕಾಶವೆಲ್ಲ ಕಾಣುತ್ತದೆ, ಒಂದು ಕೂದಲೂ ಅಲುಗುವುದಿಲ್ಲ. ಆ ತೆರೆಯ ಬಲದಲ್ಲೇ ಬಂಡಿ ಓಡುವುದರಿಂದ ಅದನ್ನು ಬಂದ್ ಮಾಡಲು ಬರುವುದಿಲ್ಲ. ಅಜ್ಜಿ, ನನ್ನ ಪಾಡು ಯೋಚಿಸಿ. ಹಳೆಯದನ್ನೇ ಇಟ್ಟುಕೊಂಡರೆ ಒಂದು ದಿನ ಇವರನ್ನು ನಾನೇ ಕೆರೆಗೆ ಹಾಕುತ್ತೇನೆ. ಹೊಸದನ್ನು ತಂದರೆ ಇವರ ಪಾಲಿಗೆ ಉಳಿದ ಒಂದೇ ಕಣ್ಣನ್ನು ನಾನೇ ಮುಚ್ಚುತ್ತೇನೆ.

ತೀರ್ಮಾನ ನನ್ನ ಕೈಯಲ್ಲೂ ಇರಲಿಲ್ಲ. ನಮ್ಮೂರಲ್ಲಿ ಬಂಡಿ ಬದಲಿಸುವಾಗ ಜೋಡಿ ಓಡಾಟ ಎಂಬ ರೂಢಿಯಿದೆ. ಹೊಸದನ್ನು ತಂದು ಹಳೆಯದರ ಪಕ್ಕ ನಿಲ್ಲಿಸುತ್ತಾರೆ. ಒಂಬತ್ತು ದಿನ ಅದೇ ದಾರಿಯಲ್ಲಿ ಮೊದಲು ಒಂದರಲ್ಲಿ, ಆಮೇಲೆ ಇನ್ನೊಂದರಲ್ಲಿ ಹೋಗಿಬರಬೇಕು. ಹತ್ತನೆಯ ದಿನ ಓಣಿಯವರ ಎದುರು ಹೇಳಬೇಕಾದವರು ಹಿಂದೆ ಕೂತವರು. ಓಡಿಸುವವರು ಹೊಸದರ ಮೋಹಕ್ಕೋ ಹಳೆಯದರ ಮೋಹಕ್ಕೋ ಬಿದ್ದಿರುತ್ತಾರೆ, ಅವರ ಮಾತು ನಂಬುವಂಥದ್ದಲ್ಲ ಎಂದು ಹಿರಿಯರ ಎಣಿಕೆ. ಆ ಒಂಬತ್ತು ದಿನ ಓಡಿಸುವವರು ಬಂಡಿಯ ಬಗ್ಗೆ ಒಂದು ಮಾತೂ ಆಡಕೂಡದು. ಸಾಕ್ಷಿಯಾಗಿ ನಿಂತವಳು ಮೌಲಾಬಿ. ಮೊದಲ ದಿನವೇ ಅವಳು ನನ್ನ ಮುಖ ನೋಡಿ, "ತುಟಿ ಹೊಲ್ಕೊಂಡ ಕೂಡ್ರು ದಾಕ್ಷಾಯಣಿ, ನಿನ್ನ ಹೊಟ್ಯಾಗ ಏನೋ ಕುದ್ಯಾಕತ್ತೈತಿ" ಎಂದಳು.

ಕುದಿಯುತ್ತಲೇ ಇತ್ತು. ರೂಢಿ ಬಾಯಿ ಕಟ್ಟಿದ್ದೇ ನನಗೆ ನೆಪವಾಯಿತು. ಕೈಯ ವಿಷಯ ಹೇಳಿದರೆ ಇವರು ಮರುಮಾತಿಲ್ಲದೆ ಹೊಸದು ಎನ್ನುತ್ತಾರೆ, ನನಗಾಗಿ ಗಾಳಿ ಬಿಡುತ್ತಾರೆ. ಆ ಉಪಕಾರದ ಕೆಳಗೆ ನಾನು ಹೇಗೆ ಬದುಕಲಿ ಎಂದು ಕೊರಗಿದೆ. ಒಂಬತ್ತು ದಿನ ಹಳೆಯದರಲ್ಲಿ ಹಲ್ಲು ಕಚ್ಚಿ ಓಡಿಸಿದೆ. ಹೊಸದರಲ್ಲಿ ಕೈ ಮಡಿಚಿಕೊಂಡು ಕೂತು, ಹಿಂದೆ ಇವರು ಒಂದೂ ಹೊಲದ ಹೆಸರು ಹೇಳದಿರುವುದನ್ನು ಕೇಳಿದೆ. ಆ ಮೌನ ನನ್ನನ್ನು ತಿಂದುಹಾಕಿತು. ಹೊಸ ಬಂಡಿ ಕನಸಿನ ಹಾಗೆ ತೇಲುತ್ತಿತ್ತು. ಕುಸುಬಿ ಹೂಗಳು ಎರಡೂ ಕಡೆ ಬಾಗುತ್ತಿದ್ದವು, ಪಟಗಳ ನೆರಳು ನಮ್ಮ ಮೇಲೆ ಹಾದು ಹೋಗುತ್ತಿತ್ತು, ನಮ್ಮಿಬ್ಬರಿಗೆ ಮಾತ್ರ ಯಾವ ಗಾಳಿಯೂ ತಾಗುತ್ತಿರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಓಣಿಯವರೆಲ್ಲ ಚಹಾದ ಲೋಟ ಹಿಡಿದು ನಮ್ಮ ಅಂಗಳದಲ್ಲಿ ಸೇರಿದರು. ಮೌಲಾಬಿ ರೂಢಿಯಂತೆ ಮೂರು ಸಲ ಕೇಳಿದಳು. ಇವರು ಮೂರೂ ಸಲ ಹೊಸದು ಎಂದರು. ನನಗೆ ಸಿಟ್ಟು ಬಂತು, ನಿಜವಾಗಿ ಬಂತು. ಹನ್ನೊಂದು ವರ್ಷ ನಾನು ತಂದುಕೊಟ್ಟ ಗಾಳಿಯನ್ನು ಈ ಮನುಷ್ಯ ಒಂದು ಗುಟುಕು ಚಹಾದಷ್ಟೂ ಯೋಚಿಸದೆ ಬಿಟ್ಟರಲ್ಲ ಎಂದು. ಕಾರಣ ಹೇಳುವುದೂ ರೂಢಿಯ ಭಾಗ. ಇವರು ಲೋಟ ಕೆಳಗಿಟ್ಟು, ನಾನು ನಿಂತಿರುವ ಕಡೆ ಸರಿಯಾಗಿ ಮುಖ ತಿರುಗಿಸಿ ಹೇಳಿದರು: "ಗಾಳಿ ನಾ ನಲವತ್ತ ವರ್ಷ ಕುಡದೇನ್ರಿ, ಸಾಕಷ್ಟ ಆತು. ಹಳೇ ಬಂಡ್ಯಾಗ ಈಕಿ ಹೇಳಿದ ಮಾತಿನಾಗ ಅರ್ಧ ಗಾಳೀನ ತಿಂತಿತ್ತು. ಏನಂದಿ ಅಂತ ಎಷ್ಟ ಸಲ ಕೇಳ್ಲಿ? ತಿಳದಂಗ ಹೂಂ ಅಂತಿದ್ದೆ. ಈ ಒಂಬತ್ತ ದಿನ ಹೊಸದ್ರಾಗ ಈಕಿ ಉಸಿರಾಡೂದ ಸುದ್ದಾ ಕೇಳಿಸ್ತು. ಅದನ್ನ ಕೇಳ್ಕೊಂಡ ಸುಮ್ನ ಕೂತಿದ್ದೆ."

ಯಾರೋ ನಕ್ಕರು, ಮೌಲಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಚಹಾ ಕೆಳಗಿಳಿಸಿದೆ. ಅಷ್ಟು ವರ್ಷ ಇವರು ಹಿಂದಿನಿಂದ ಕೂಗುತ್ತಿದ್ದ ಅಜವಾನ, ಶೇಂಗಾ, ಕೆರೆ ಎಲ್ಲವೂ ಆಗ ಬೇರೆಯಾಗಿ ಕೇಳಿಸತೊಡಗಿತು. ನನ್ನಿಂದ ಒಂದು ಮಾತು ಹೊರಡಿಸಲು ಇವರು ಎಸೆಯುತ್ತಿದ್ದ ದಾರ ಅದು, ಮೋಡಕ್ಕೆ ಎಸೆದ ಹಾಗೆ. ಅದಕ್ಕೆ ನಾನು ಹೌದು ಎಂದಷ್ಟೇ ಹೇಳಿ ಮುಂದೆ ನೋಡಿಕೊಂಡು ಓಡಿಸಿದ್ದೆ.

ಮಾರನೆಯ ಸಂಜೆ ಹೊಸದರಲ್ಲಿ ಹೊರಟೆವು. ಓಡಿಸುವ ಕೆಲಸವಿಲ್ಲದ ಕಾರಣ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಿರುಗಿಸಬಹುದು. ಮೊದಲ ಬಾರಿಗೆ ಆ ದಾರಿಯಲ್ಲಿ ನಾನು ಇವರ ಮುಖ ನೋಡುತ್ತ ಹೋದೆ. ವಯಸ್ಸಾಗಿದೆ. ಕೆರೆಯ ತಿರುವು ಬಂದಾಗ ನನ್ನ ಎಡಗೈಯನ್ನು ಇವರ ಕೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ, ವೈದ್ಯರ ಮಾತನ್ನೂ ಸೇರಿಸಿ. ಇವರು ನನ್ನ ಬೆರಳುಗಳನ್ನು ಒಂದೊಂದಾಗಿ ನೀವುತ್ತ, "ಹೆಬ್ಬಾತು ಇಳದ್ರ ಗದ್ದಲ ಹಾಕ್ತಾವ ದಾಕ್ಷಿ, ಆವತ್ತ ಒಂದರ ಸಪ್ಪಳ ಮಾಡಿತ್ತೇನು? ಕೆಸರಿನ ವಾಸನಿ ಮೂಗಿಗೆ ಬಡೀತಿತ್ತು. ನೀನಾಗಿ ಹೇಳ್ತಿ ಅಂತ ಕಾದೆ" ಎಂದರು. ಕೈಯ ಸಲುವಾಗಿಯೇ ಹೊಸದನ್ನು ಆರಿಸಿದಿರಾ ಎಂದು ಕೇಳಿದೆ. ಇವರು ನನ್ನ ಕಿರುಬೆರಳನ್ನೂ ನೀವಿ ಮುಗಿಸಿದರು. ಆಮೇಲೆ, "ಅದೂ ಐತಿ. ಆದ್ರ ಅಂಗಳದಾಗ ಹೇಳಿದ್ದು ಸುಳ್ಳಲ್ಲ" ಎಂದರು. ನಾನು ಅತ್ತೆ. ಅಳುವುದೂ ಇವರಿಗೆ ಕೇಳಿಸಿತು.

ಈಗ ಗಾಳಿಯಿಲ್ಲದ ಬಂಡಿಯಲ್ಲಿ ಕೂತು ನಾನು ಕಂಡದ್ದನ್ನೆಲ್ಲ ಹೇಳುತ್ತೇನೆ. ಎಷ್ಟು ಕೆಟ್ಟದಾಗಿ ಹೇಳುತ್ತೇನೆಂದರೆ, ಹಳದಿ ಎಂದರೆ ಯಾವ ಹಳದಿ ಎಂದು ಇವರು ಕಾಡಿಸುತ್ತಾರೆ. ಹೊಲದ ವಾಸನೆ ಇವರಿಗೆ ಬೇಕೆನಿಸುತ್ತದೆ, ನನಗದು ಗೊತ್ತಿದೆ. ಕೆಲವು ಸಂಜೆ ಮುಖವೆತ್ತುತ್ತಾರೆ, ಏನೂ ಸಿಗದೆ ಇಳಿಸುತ್ತಾರೆ. ಆಗ ಬಂಡಿ ನಿಲ್ಲಿಸಿ ಇಳಿದು ಒಂದಷ್ಟು ದೂರ ನಡೆಯುತ್ತೇವೆ, ಆಮೇಲೆ ಮತ್ತೆ ಹತ್ತುತ್ತೇವೆ.

ಅಜ್ಜಿ, ನೀವು ಹಳೆಯದನ್ನು ಉಳಿಸಿಕೊಳ್ಳಿ ಎಂದೋ ಹೊಸದನ್ನು ತನ್ನಿ ಎಂದೋ ಹೇಳಲು ನಾನು ಯಾರು? ಎರಡರಲ್ಲೂ ಸುಖವಿದೆ, ಎರಡರಲ್ಲೂ ಕಳೆದುಕೊಳ್ಳುವುದಿದೆ. ನನ್ನದು ಒಂದೇ ಬೇಡಿಕೆ. ನಿಮ್ಮ ಹಿಂದೆ ಯಾರು ಕೂರುತ್ತಾರೋ ಅವರನ್ನು ಕೇಳಿ. ಅವರಿಗೇನು ಬೇಕೆಂದು ನನಗೆ ಗೊತ್ತು ಎಂದುಕೊಳ್ಳಬೇಡಿ; ನಾನು ಹಾಗೆಂದುಕೊಂಡು ಹನ್ನೊಂದು ವರ್ಷ ಓಡಿಸಿದೆ. ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತೆಗೆದುಕೊಳ್ಳಿ, ಎಂಜಿನ್ ಆರಿಸಿ, ಪೂರ್ತಿ ಹಿಂದೆ ತಿರುಗಿ ಕೂತು ಕೇಳಿ. ಓಡಿಸುತ್ತ ಕೇಳಿದರೆ ಅವರೇನೋ ಉತ್ತರ ಹೇಳುತ್ತಾರೆ, ನಿಮಗದು ಕೇಳಿಸುವುದಿಲ್ಲ.

ಇಂತಿ ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು,
ದಾಕ್ಷಾಯಣಿ